ಮರೆತೆನೆಂದು ಬರೆದುಕೊಟ್ಟವರು

ಗಂಧದ ಹಾರವೆಂದು ಅದಕ್ಕೆ ಹೆಸರು. ಯಾವುದೋ ಹಗುರ ಮರದಿಂದ ಹೆರೆದ ತೆಳು ಸುರುಳಿಗಳನ್ನು ದಾರಕ್ಕೆ ಪೋಣಿಸಿ, ಮೇಲೆ ಅಗ್ಗದ ಅತ್ತರು ಸುರಿದಿರುತ್ತಾರೆ. ಮೊನ್ನೆ ಬೆಳಗಾವಿಯ ಖಾಸಬಾಗದ ಒಂದು ಸಭಾಭವನದಲ್ಲಿ ಅದನ್ನು ನನ್ನ ಕೊರಳಿಗೆ ಹಾಕಿದರು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರೂ ಕುತ್ತಿಗೆಯ ಸುತ್ತ ಆ ವಾಸನೆ ಹಾಗೇ ಉಳಿಯಿತು. ಮರುದಿನ ದವಾಖಾನೆಯಲ್ಲಿ ರೋಗಿಗಳನ್ನು ನೋಡುತ್ತ ಕುಳಿತಾಗಲೂ ಮೂಗಿಗೆ ಅದೇ ಬಡಿಯುತ್ತಿತ್ತು. ವಾಕರಿಕೆ ಬಂದು ಎದ್ದು ಹೋಗಿ ಮುಖ ತೊಳೆದೆ. ಪಿತ್ತ ಆಗಿರಬೇಕು ಎಂದಳು ನಮ್ಮ ನರ್ಸು. ನನಗೆ ಆಗಿದ್ದು ಹೇಸಿಗೆ. ಅರ್ಧ ಊರಿನ ಮೇಲೆ, ಅರ್ಧ ನನ್ನ ಮೇಲೆ.

ಇಂಥದೇ ಒಂದು ಹಾರವನ್ನು, ಬಹಳ ವರ್ಷಗಳ ಹಿಂದೆ, ಖಾನಾಪುರದಲ್ಲಿ ಒಬ್ಬರು ಬಾಜು ಮನೆಯ ಎಮ್ಮೆಯ ಕೊರಳಿಗೆ ಹಾಕಿದ್ದನ್ನು ನೋಡಿದ್ದೇನೆ. ಎಮ್ಮೆ ಒಂದು ಸಲ ಸೀನಿತು. ಆಮೇಲೆ ಗೂಟಕ್ಕೆ ಕುತ್ತಿಗೆ ತಿಕ್ಕಿ ತಿಕ್ಕಿ ಅದನ್ನು ಹರಿದು ಹಾಕಿ, ಸೆಗಣಿಯಲ್ಲಿ ತುಳಿಯಿತು. ನಾನು ಆ ಎಮ್ಮೆಯಷ್ಟೂ ಮಾಡಲಿಲ್ಲ. ಕೈಮುಗಿದು, ನಕ್ಕು, ಫೋಟೊಕ್ಕೆ ನಿಂತೆ.

ಎಮ್ಮೆಗೆ ಹಾರ ಹಾಕಿದವರು ನಮಗೆ ಪಾಠ ಹೇಳುತ್ತಿದ್ದ ಮಾಸ್ತರು. ಖಾನಾಪುರದ ರೈಲು ಹಳಿಯ ಆಚೆ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿ ಅವರು ಗುಮಾಸ್ತರು. ಕಾರ್ಖಾನೆಯ ಅಂಗಳದಲ್ಲೇ ಒಂದು ಕೋಣೆ, ಕೋಣೆಯ ಮುಂದೆ ಒಂದು ಜಗಲಿ. ಸಾಲಿ ಬಿಟ್ಟ ಮೇಲೆ ಹೆಂಚು ಒತ್ತುವವರ ಮಕ್ಕಳು, ಕುರಿಯವರ ಮಕ್ಕಳು, ಯಾರು ಬಂದರೂ ಆ ಜಗಲಿಯ ಮೇಲೆ ಲೆಕ್ಕ ಮತ್ತು ಇಂಗ್ಲಿಷ್ ಕಲಿಸುತ್ತಿದ್ದರು. ಫೀಸಿನ ಮಾತೇ ಇರಲಿಲ್ಲ. ಹುಡುಗಿಯರು ಎರಡು ದಿನ ಬರದಿದ್ದರೆ ಮನೆಗೆ ಬಂದು ಅಪ್ಪಂದಿರನ್ನು ಬೈಯುತ್ತಿದ್ದರು. ಬೈಗುಳ ಮಾತ್ರ ತಮಿಳಿನಲ್ಲಿ ಇರುತ್ತಿತ್ತು, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ತಮಿಳುನಾಡಿನ ಕಡಲ ಕಡೆಯ ಹಳ್ಳಿ ಅವರದು. ಕನ್ನಡದವರು ಅವರನ್ನು ಮದ್ರಾಸಿ ಮಾಸ್ತರ ಅನ್ನುತ್ತಿದ್ದರು, ಮರಾಠಿಯವರೂ ಮದ್ರಾಸಿ ಮಾಸ್ತರ ಅನ್ನುತ್ತಿದ್ದರು. ನಮ್ಮ ಗಡಿಯಲ್ಲಿ ಎರಡೂ ಕಡೆಯವರು ಜಗಳವಿಲ್ಲದೆ ಒಪ್ಪಿಕೊಂಡ ಮಾತು ಬಹುಶಃ ಅದೊಂದೇ. ಹತ್ತೊಂಬತ್ತರ ವಯಸ್ಸಿನಲ್ಲಿ ಪರದೇಶಿ ಬಟ್ಟೆಯ ಅಂಗಡಿ ಮುಂದೆ ಧರಣಿ ಕುಳಿತು ಮೊದಲ ಸಲ ಜೈಲಿಗೆ ಹೋದರಂತೆ. ಒಳಗೆ ಎಲ್ಲ ಜಾತಿಯವರ ಜೊತೆ ಒಂದೇ ಸಾಲಿನಲ್ಲಿ ಕುಳಿತು ಉಂಡರೆಂದು, ಅವರು ಹೊರಗೆ ಬರುವಷ್ಟರಲ್ಲಿ ಅಪ್ಪ ಬದುಕಿರುವ ಮಗನ ತಿಥಿ ಮಾಡಿ ಮುಗಿಸಿದ್ದ. ಮನೆ ಬಾಗಿಲಿಂದಲೇ ತಿರುಗಿ ಮುಂಬಯಿಗೆ ಹೋದರು. ಅಲ್ಲಿ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಹಗಲು ಮದುವೆ ಪತ್ರಿಕೆ ಜೋಡಿಸುವುದು, ಕೆಲಸ ಮುಗಿದ ಮೇಲೆ ಬ್ರಿಟಿಷರ ವಿರುದ್ಧದ ಕರಪತ್ರ ಅಚ್ಚು ಹಾಕಿ ಗಿರಣಿ ಕೂಲಿಗಳಿಗೆ ಹಂಚುವುದು. ಸಿಕ್ಕಿಬಿದ್ದ ದಿನ ಪೊಲೀಸನೊಬ್ಬ, ಇನ್ನು ಮುಂದೆ ಮೊಳೆ ಜೋಡಿಸಬಾರದೆಂದು, ಅವರ ಬಲಗೈ ಬೆರಳುಗಳನ್ನು ಬೂಟಿನಲ್ಲಿ ತುಳಿದು ಮುರಿದ. ಅದೇ ಕೈಗೆ ಚಿಂದಿ ಸುತ್ತಿ ರೈಲಿಗೆ ಹಾಕಿ ನಮ್ಮ ಕಡೆಯ ಜೈಲಿಗೆ ಕಳಿಸಿದರು. ಇದನ್ನೆಲ್ಲ ಅವರು ಒಂದೇ ಸಲ ಹೇಳಿದ್ದಲ್ಲ. ಭಾಗಾಕಾರದ ನಡುವೆ ಒಂದು ತುಣುಕು, ಇಂಗ್ಲಿಷ್ ವ್ಯಾಕರಣದ ನಡುವೆ ಇನ್ನೊಂದು... ಕೇಳಿದರೆ ಹೇಳುತ್ತಿರಲಿಲ್ಲ. ಎಡಗೈಯಿಂದ ಬರೆಯುವುದನ್ನು ಜೈಲಿನಲ್ಲೇ ಕಲಿತರು. ಅಕ್ಷರಗಳೆಲ್ಲ ಎಡಕ್ಕೆ ವಾಲಿಕೊಂಡಿರುತ್ತಿದ್ದವು.

ಆ ಜೈಲಿನಲ್ಲೇ ನನ್ನ ಅಜ್ಜನೂ ಇದ್ದ. ಯಾಕೆ ಇದ್ದ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಖಾನಾಪುರಕ್ಕೆ ಬಂದು ನೆಲೆಸಿದ್ದರೂ ನಮ್ಮದು ಮೂಲದಲ್ಲಿ ಪಾರಿಶ್ವಾಡದ ಕಡೆ ಕುರಿ ಸಾಕುವ ಮನೆತನ. ಕುರಿಯವರಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿಗುರುತು ಇರುತ್ತದೆ. ಮರಿ ಹುಟ್ಟಿ ಕೆಲವು ದಿನಕ್ಕೆ ಅದರ ಕಿವಿಯನ್ನು ಆ ಮನೆಯ ರೀತಿಯಲ್ಲಿ ಕೊಯ್ಯುತ್ತಾರೆ. ಒಬ್ಬರದು ತುದಿ ಸೀಳು, ಒಬ್ಬರದು ಅಂಚಿಗೆ ಒಂದು ಕಚ್ಚು, ನಮ್ಮದು ಎರಡು ಕಚ್ಚು. ಎಷ್ಟು ಹಿಂಡು ಕೂಡಿದರೂ ಕಿವಿ ನೋಡಿ ತಮ್ಮ ಕುರಿ ಬಿಡಿಸಿಕೊಳ್ಳುತ್ತಾರೆ. ಅಜ್ಜ ಹರೆಯದಲ್ಲಿ ಗಂಡ ಸತ್ತ ಹೆಂಗಸೊಬ್ಬಳ ಕುರಿಗಳನ್ನು ಹೊಡೆದುಕೊಂಡು ಬಂದ. ಅವಳ ಗುರುತು ಒಂದು ಕಚ್ಚು. ಅಜ್ಜ ಪಕ್ಕದಲ್ಲಿ ಇನ್ನೊಂದು ಕಚ್ಚು ಹಾಕಿ, ಗಾಯ ಒಣಗುವವರೆಗೆ ಕಾಯುವ ತಾಳ್ಮೆಯಿಲ್ಲದೆ ಸಂತೆಗೆ ಒಯ್ದ. ಆ ಹೆಂಗಸು ಸಂತೆಯಲ್ಲಿ ಕಿವಿ ಹಿಡಿದು, ಒಂದು ಕಚ್ಚು ಹಳೆಯದು, ಒಂದು ಹಸಿಯದು ಎಂದು ನಾಲ್ಕು ಮಂದಿಗೆ ತೋರಿಸಿದಳು. ಅಜ್ಜ ಒಳಗೆ ಹೋದ.

ಒಳಗೆ ಅವನಿಗೆ ಅಡಿಗೆಯ ಕೊಟ್ಟಿಗೆಯಲ್ಲಿ ಕೆಲಸ ಕೊಟ್ಟಿದ್ದರು. ಕೈ ಮುರಿದುಕೊಂಡು ಬಂದ ಭಾಷೆ ಬಾರದ ಹುಡುಗ, ಗಂಜಿಯ ಮುಂದೆ ಸುಮ್ಮನೆ ಕುಳಿತಿರುವುದನ್ನು ನೋಡಿ ಅಜ್ಜನೇ ದಿನವೂ ತನ್ನ ಕೈಯಿಂದ ಉಣ್ಣಿಸಿದ. ಇದು ಮಾತ್ರ ಖರೇ. ಬಿಡುಗಡೆಯಾದ ಮೇಲೆ ಹೋಗಲು ಮನೆಯಿಲ್ಲದ ಆ ಹುಡುಗನನ್ನು ತನ್ನ ಗುಡಿಸಲಿಗೆ ಕರೆತಂದದ್ದೂ ಅಜ್ಜನೇ. ಕುರಿ ಕದ್ದ ಕೈಯೇ ಗಂಜಿ ಉಣ್ಣಿಸಿದ್ದು. ಇದನ್ನು ಹೇಗೆ ತೂಗಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಕ್ಕೆ ಹೋರಾಟಗಾರರಿಗೆ ಪಿಂಚಣಿ ಅಂತ ಬಂತು. ಜೈಲಿನ ಕಾಗದ ಇಲ್ಲದವರು, ತಮ್ಮ ಜೊತೆ ಒಳಗಿದ್ದ ಒಬ್ಬರಿಂದ 'ಹೌದು, ಇವರು ನನ್ನ ಜೊತೆ ಇದ್ದರು' ಎಂದು ಬರೆಸಿಕೊಂಡು ಬಂದರೂ ನಡೆಯುತ್ತಿತ್ತು. ಮಾಸ್ತರ ಹತ್ತಿರ ಬಿಡುಗಡೆಯ ಚೀಟಿ ಇತ್ತು. ಅವರು ಪಿಂಚಣಿಗೆ ಅರ್ಜಿಯನ್ನೇ ಹಾಕಲಿಲ್ಲ, ನಾನು ಕೂಲಿಗೆ ಹೋಗಿರಲಿಲ್ಲ ಎಂದರು. ಆದರೆ ಅವರ ಸಹಿಗೆ ಬೆಲೆ ಇತ್ತು. ಬೆಲೆ ಇದೆಯೆಂದು ಗೊತ್ತಾದದ್ದೇ ತಡ, ಬೆಳಗಾವಿಯಿಂದ, ಹಳ್ಳಿಗಳಿಂದ, ಜೀಪಿನಲ್ಲಿ, ಟಾಂಗಾದಲ್ಲಿ ದೇಶಭಕ್ತರು ಬರತೊಡಗಿದರು. ಕೈಯಲ್ಲಿ ಕುಂದಾ ಡಬ್ಬಿ, ಗಂಧದ ಹಾರ, ಶಾಲು. ಮಾಸ್ತರು ಎಲ್ಲರನ್ನೂ ಕೂಡಿಸಿ, ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು. ಬರಾಕಿನ ಬಾಗಿಲಿಗೆ ಎಷ್ಟು ಮೆಟ್ಟಿಲಿದ್ದವು? ಒಬ್ಬರು ಮೂರು ಅನ್ನುವರು, ಇನ್ನೊಬ್ಬರು ಐದು, ಒಬ್ಬ ಮಹಾಶಯ ಕಣ್ಣು ಮುಚ್ಚಿ ನೆನಪು ಮಾಡಿಕೊಂಡವನಂತೆ ಏಳು ಅಂದ. ಒಂದು ಮೆಟ್ಟಿಲೂ ಇರಲಿಲ್ಲ. ತಲೆ ಬಗ್ಗಿಸಿ ಒಳಗೆ ಇಳಿಯಬೇಕಿತ್ತಂತೆ.

ಹೀಗೆ ಬಂದವರಲ್ಲಿ ಒಬ್ಬ ಹುಲ್ಲಿನ ಸಾವಕಾರ. ಚಳವಳಿಯ ಕಾಲದಲ್ಲಿ ಪೊಲೀಸರ ಕುದುರೆಗಳಿಗೆ ಹುಲ್ಲು ಒದಗಿಸುವ ಗುತ್ತಿಗೆ ಅವನದು. ಜನರ ಮೇಲೆ ಹಾಯಿಸಿದ ಕುದುರೆಗಳನ್ನು ಸಾಕಿದವನು ಈಗ ಖಾದಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ಎಮ್ಮೆಯ ಕೊರಳಿಗೆ ಹೋದದ್ದು ಅವನ ಹಾರವೇ. ಅವನು ಬೆಳಗಾವಿಗೆ ಹೋಗಿ, ಆ ಮದ್ರಾಸಿ ಜೈಲಿನಲ್ಲಿ ಪೊಲೀಸರ ಬಾತ್ಮೀದಾರನಾಗಿದ್ದ ಎಂದು ಸುದ್ದಿ ಹಬ್ಬಿಸಿದ. ನಮ್ಮ ಜನ ಅದನ್ನು ಉಪ್ಪಿನಕಾಯಿಯಂತೆ ಚಪ್ಪರಿಸಿದರು. ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿದ್ದವರೂ ಚಪ್ಪರಿಸಿದರು.

ನಾನು ಹನ್ನೆರಡನೆಯ ಇಯತ್ತೆ ಮುಗಿಸಿದ ವರ್ಷ ಅದು. ಡಾಕ್ಟರಾಗಬೇಕೆಂಬ ಹುಚ್ಚು ನನಗೆ ಹಿಡಿಸಿದವರು ಮಾಸ್ತರೇ. ಮಾರ್ಕು ಸ್ವಲ್ಪದರಲ್ಲಿ ತಪ್ಪಿತು. ಹೋರಾಟಗಾರರ ಮೊಮ್ಮಕ್ಕಳಿಗೆ ಬೇರೆ ಸೀಟುಗಳಿವೆ ಎಂದು ಯಾರೋ ಅಜ್ಜನ ಕಿವಿಗೆ ಹಾಕಿದರು. ಅಜ್ಜ ಜೈಲಿಗೆ ಹೋದದ್ದು ಊರಿಗೆಲ್ಲ ಗೊತ್ತಿತ್ತು, ಯಾಕೆ ಹೋದದ್ದೆಂದು ನೆನಪಿದ್ದವರು ಬಹಳ ಮಂದಿ ಉಳಿದಿರಲಿಲ್ಲ. ನನಗೆ ಗೊತ್ತಿತ್ತು. ಅಜ್ಜಿ ಸಿಟ್ಟು ಬಂದಾಗಲೆಲ್ಲ ಆ ಹೆಂಗಸಿನ ಕುರಿಗಳ ಹೆಸರೆತ್ತಿಯೇ ಅಜ್ಜನನ್ನು ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜ ನನ್ನನ್ನು ಕರೆದುಕೊಂಡು ಮಾಸ್ತರ ಜಗಲಿಗೆ ಹೋದ. ಟೈಪು ಮಾಡಿಸಿದ ಕಾಗದ ಅವನ ಬಗಲಲ್ಲಿತ್ತು. ಕೇಳುವ ಧೈರ್ಯ ಇರಲಿಲ್ಲ, ನನ್ನನ್ನು ಮುಂದೆ ನೂಕಿದ. ಮಾಸ್ತರು ಕಾಗದ ಓದಿದರು. ಇಬ್ಬರೂ ಒಂದೇ ಜೈಲಿನಲ್ಲಿ, ಒಂದೇ ಅವಧಿಯಲ್ಲಿ ಇದ್ದೆವು ಎಂದು ಅದರಲ್ಲಿತ್ತು. ಅದು ಸುಳ್ಳಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿದ್ದಕ್ಕಾಗಿ ಎಂಬ ಒಂದು ಸಾಲು ನಡುವೆ ತೂರಿಸಲಾಗಿತ್ತು. ಅವರು ಕಾಗದ ಮಡಿಚಿ, ಅಜ್ಜನ ಕಡೆ ನೋಡದೆ, ನನ್ನನ್ನು ಕೇಳಿದರು.

"ನಿಮ್ಮ ಅಜ್ಜ ಯಾಕ ಒಳಗ ಬಂದಿದ್ದ, ನಿನಗ ಗೊತ್ತೈತೇನವಾ?"

"ದೇಶದ ಸಲುವಾಗಿ ರೀ, ಸರ."

ಸುಳ್ಳನ್ನು ಎಷ್ಟು ಚಂದ ಹೇಳಿದೆ! ಕಣ್ಣು ಕೂಡ ಮಿಟುಕಿಸಲಿಲ್ಲ. ಗೊತ್ತು ಅಂದಿದ್ದರೆ ಅವರು ಕಾಗದ ವಾಪಸು ಕೊಡುತ್ತಿದ್ದರು, ಅದು ನನಗೆ ಖಾತ್ರಿಯಿತ್ತು. ಗೊತ್ತಿಲ್ಲದ ಹುಡುಗಿಯ ಮುಂದೆ ಅವಳ ಅಜ್ಜನನ್ನು ಕಳ್ಳ ಅನ್ನುವುದು ಅವರಿಂದ ಆಗದೆಂಬುದೂ ಖಾತ್ರಿಯಿತ್ತು. ಹದಿನೇಳು ವರ್ಷದ ನಾನು ಅಷ್ಟು ಲೆಕ್ಕ ಹಾಕಿಯೇ ಹೋಗಿದ್ದೆ. ಲೆಕ್ಕ ಕಲಿಸಿದವರೂ ಅವರೇ ಅಲ್ಲವೇ.

ಮಾಸ್ತರು ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿ, ಅಜ್ಜನಿಗೆ ಮೆಲ್ಲಗೆ ಅಂದರು: "ಇನ್ನೊಂದು ಕಚ್ಚು ಹಾಕಾಕ ಈ ಸಲ ನನ್ನ ಕೈಯಾಗ ಚಾಕು ಕೊಟ್ಟಿ ನೋಡು."

ಅಜ್ಜ ತಲೆ ತಗ್ಗಿಸಿದ. ಮಾಸ್ತರು ಎಡಗೈಯಿಂದ ಸಹಿ ಮಾಡಿದರು. ಸಹಿಯ ಕೆಳಗೆ ತಮ್ಮ ಪೂರ್ತಿ ಹೆಸರು, ಅಪ್ಪನ ಹೆಸರು, ಹುಟ್ಟಿದ ಊರು ಬರೆದರು. ಚಂದ ಓದು ಎಂದು ನನಗೆ ಹೇಳಿ ಒಳಗೆ ಹೋದರು. ಇನ್ನೊಬ್ಬರ ಪರವಾಗಿ ಸಾಕ್ಷಿಯೆಂದು ಅವರು ಸಹಿ ಮಾಡಿದ ಒಂದೇ ಕಾಗದ ಅದು.

ನನಗೆ ಸೀಟು ಸಿಕ್ಕಿತು. ಬೆಳಗಾವಿಗೆ ಬಂದೆ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಮಾಸ್ತರಿಗೆ ಮರೆವು ಹತ್ತಿದೆ ಎಂದು ಸುದ್ದಿ ಬಂತು. ಹಳೆಯದೆಲ್ಲ ಅಳಿಸಿ ಹೋಗಿದೆ, ಜೈಲಿಗೆ ಹೋದದ್ದೂ ನೆನಪಿಲ್ಲವಂತೆ ಎಂದರು. ರಜೆಯಲ್ಲಿ ಊರಿಗೆ ಹೋದಾಗ ನೋಡಲು ಹೋದೆ. ಹೋಗುವಾಗ ಎದೆ ಡವಗುಟ್ಟುತ್ತಿತ್ತು. ದುಃಖದಿಂದಲೇ ಎಂದು ಆಗ ಅಂದುಕೊಂಡಿದ್ದೆ...

ಜಗಲಿಯ ಮೇಲೆ ಎರಡು ಹುಡುಗಿಯರು ಪಾಟಿ ಹಿಡಿದು ಕುಳಿತಿದ್ದರು. ಮಾಸ್ತರು ಉದ್ದನೆಯ ಭಾಗಾಕಾರ ತಿದ್ದುತ್ತಿದ್ದರು, ಒಂದು ಅಂಕಿಯೂ ತಪ್ಪಿರಲಿಲ್ಲ. ನನ್ನನ್ನು ನೋಡಿ, ಯಾರವ್ವ ನೀನು ಎಂದು ಕೇಳಿದರು. ಹೆಸರು ಹೇಳಿದೆ, ಅಜ್ಜನ ಹೆಸರೂ ಹೇಳಿದೆ. ಗೊತ್ತಾಗಲಿಲ್ಲ ನೋಡವ್ವ ಎಂದು ತಲೆಯಾಡಿಸಿ ಮತ್ತೆ ಪಾಟಿಗೆ ಬಗ್ಗಿದರು. ನಾನು ಎದ್ದು ಹೊರಟಾಗ, ಹಳಿ ದಾಟುವಾಗ ಎರಡೂ ಕಡೆ ನೋಡಿ ಹೋಗು ಎಂದರು. ಪಾಠ ಮುಗಿದ ಮೇಲೆ ನನಗೆ ಎಷ್ಟೋ ವರ್ಷ ದಿನವೂ ಹೇಳುತ್ತಿದ್ದ ಮಾತು ಅದು. ನನಗದು ಹೊಳೆಯಲಿಲ್ಲ. ಹೊಳೆಯುವುದು ಬೇಕಿರಲಿಲ್ಲ ಎಂದರೆ ಸರಿಯಾದೀತು. ವಯಸ್ಸಾದವರ ಮರೆವು ಎಂದು ಅರ್ಧ ಕಲಿತ ವೈದ್ಯಕೀಯ ಹಚ್ಚಿ ತೀರ್ಮಾನ ಮಾಡಿಬಿಟ್ಟೆ. ಹಳಿ ದಾಟಿದ ಮೇಲೆ ನನಗೆ ಆದದ್ದು ಹಗುರ. ಇನ್ನು ಆ ಕಾಗದದ ವಿಷಯ ತಿಳಿದವರು ಅಜ್ಜ ಮತ್ತು ನಾನು ಮಾತ್ರ ಎಂಬ ಹಗುರ. ಥೂ.

ಮುಂದಿನ ವರ್ಷ ಮಾಸ್ತರು ತೀರಿಕೊಂಡರು. ಹೆಂಚು ಒತ್ತುವವರೇ ಹೊತ್ತು ಮಲಪ್ರಭೆಯ ದಂಡೆಗೆ ಒಯ್ದು, ಕಾರ್ಖಾನೆಯ ಕಟ್ಟಿಗೆಯಲ್ಲಿ ಸುಟ್ಟರು. ನನಗೆ ಪರೀಕ್ಷೆ ಇತ್ತು, ಹೋಗಲಿಲ್ಲ. ಕೆಲವು ವರ್ಷಕ್ಕೆ ಅಜ್ಜ ಸತ್ತ. ಅಜ್ಜನಿಗೆ ಸರಕಾರಿ ಮರ್ಯಾದೆ. ಮೈಮೇಲೆ ಧ್ವಜ, ಸಾಲಾಗಿ ನಿಂತ ಪೊಲೀಸರು, ಗಾಳಿಯಲ್ಲಿ ಗುಂಡು. ಬಂದೂಕಿನ ಸದ್ದಿಗೆ ಹಿತ್ತಲಿನ ಕುರಿಗಳು ಬೆದರಿ ಬೇಲಿ ಹಾರಿ ಓಡಿದವು, ಅವನ್ನು ಹಿಡಿದು ತರಲು ಸಂಜೆಯಾಯಿತು. ಅಲ್ಲಿ ನಿಂತಿದ್ದ ಮುದುಕರಲ್ಲಿ ಒಬ್ಬರು ಕೂಡ ನಗಲಿಲ್ಲ. ನಮ್ಮ ಕಡೆ ಜನ ಸತ್ತವರ ಮುಂದೆ ಬಹಳ ಸಭ್ಯರು.

ಈಗ ಬೆಳಗಾವಿಯಲ್ಲಿ ಒಂದು ಸಮಿತಿ ಹುಟ್ಟಿದೆ. ಜಿಲ್ಲೆಯ ಹೋರಾಟಗಾರರ ಹೆಸರುಗಳನ್ನೆಲ್ಲ ಕರಿಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು, ಅವರ ಮನೆಯವರನ್ನು ಸನ್ಮಾನಿಸುವುದು ಅದರ ಕೆಲಸ. ಕಾರ್ಯದರ್ಶಿ ಯಾರೆಂದರೆ ಹುಲ್ಲಿನ ಸಾವಕಾರನ ಮಗ. ಸಾವಕಾರನಿಗೆ ಆಮೇಲೆ ಬೇರೆ ಯಾರದೋ ಸಹಿ ಸಿಕ್ಕಿತ್ತು. ಕಲ್ಲಿನ ಮೇಲೆ ಅವನ ಹೆಸರು ಮೂರನೆಯದು, ನನ್ನ ಅಜ್ಜನದು ಹದಿನಾಲ್ಕನೆಯದು. ಪಟ್ಟಿಯ ಪ್ರತಿ ಕೈಗೆ ಬಂದಾಗ ಮೇಲಿಂದ ಕೆಳಗೆ ಎರಡು ಸಲ ಓದಿದೆ. ಮಾಸ್ತರ ಹೆಸರು ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಧೈರ್ಯ ಬಂದಿತ್ತೆಂದು ಕಾಣುತ್ತದೆ, ಖಾಸಬಾಗದ ಸನ್ಮಾನದ ಸಭೆಯ ಹಿಂದಿನ ದಿನ ಕಾರ್ಯದರ್ಶಿಯ ಮನೆಗೆ ಹೋಗಿ ಕೇಳಿದೆ.

ಅವನು ಕಪಾಟಿನಿಂದ ಒಂದು ಹಳದಿಯಾದ ಕಾಗದ ತೆಗೆದು ಮುಂದಿಟ್ಟ. ಎಡಕ್ಕೆ ವಾಲಿದ ಅಕ್ಷರ. ನನಗೆ ಮರೆವು ಹತ್ತಿದೆ, ನನ್ನ ಜೊತೆ ಜೈಲಿನಲ್ಲಿ ಯಾರಿದ್ದರು, ಯಾಕಿದ್ದರು ಎಂದು ಇನ್ನು ಹೇಳಲಾರೆ, ನಾನೇ ಅಲ್ಲಿದ್ದೆನೋ ಇಲ್ಲವೋ ಅದನ್ನೂ ಆಣೆ ಮಾಡಿ ಹೇಳಲಾರೆ, ಇನ್ನು ಮುಂದೆ ನನ್ನ ಸಾಕ್ಷಿಯನ್ನು ಯಾರೂ ತೆಗೆದುಕೊಳ್ಳಬಾರದು ಎಂದು ಬರೆದಿತ್ತು. ಕೆಳಗೆ ಸಹಿ. ಮೂವತ್ತು ವರ್ಷ ರೋಗಿಗಳನ್ನು ನೋಡಿದ್ದೇನೆ. ನೆನಪು ಕೆಟ್ಟವರ ಬರವಣಿಗೆ ಹೇಗಿರುತ್ತದೆಂದು ನನಗೆ ಗೊತ್ತು. ಆ ಕಾಗದದಲ್ಲಿ ಒಂದು ಗೆರೆ ನಡುಗಿರಲಿಲ್ಲ, ಒಂದು ಪದ ತಿರುಗಿ ಬಂದಿರಲಿಲ್ಲ.

ಇದು ಎಲ್ಲಿಂದ ಬಂತು ಎಂದೆ. ಅವನು ಹೆಮ್ಮೆಯಿಂದಲೇ ಹೇಳಿದ. ನನಗೆ ಸೀಟು ಸಿಕ್ಕ ಮೇಲೆ ಅವನ ಅಪ್ಪ ಮತ್ತೆ ಖಾನಾಪುರಕ್ಕೆ ಹೋಗಿದ್ದನಂತೆ, ಜೀಪು ನಡೆಸಿದ್ದು ಇವನೇ. ಕುರಿಕಳ್ಳನಿಗೆ ಸಹಿ ಮಾಡಿದ್ದೀರಿ, ನನಗೂ ಮಾಡಿರಿ, ಇಲ್ಲದಿದ್ದರೆ ದೂರು ಕೊಡುತ್ತೇನೆ, ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತದೆ ಎಂದನಂತೆ. ಮಾಸ್ತರು ಅರ್ಧ ತಾಸು ಹೊರಗೆ ಕಾಯಿಸಿ, ಈ ಕಾಗದ ಬರೆದು ತಂದು ಕೊಟ್ಟರು. ಬಿಡುಗಡೆಯ ಚೀಟಿಯನ್ನು ಇವರ ಕಣ್ಣೆದುರಿಗೇ ಹೆಂಚಿನ ಭಟ್ಟಿಗೆ ಹಾಕಿದರು. ಇನ್ನು ದೂರು ಕೊಟ್ಟರೂ ವಿಚಾರಣೆಗೆ ಕರೆಯಬೇಕಾದದ್ದು ಅವರನ್ನೇ, ಅವರು ಏನೂ ನೆನಪಿಲ್ಲ ಅನ್ನುತ್ತಾರೆ. ಸಾವಕಾರನಿಗೆ ಸಹಿಯೂ ಸಿಗಲಿಲ್ಲ, ದೂರಿಗೆ ಸಾಕ್ಷಿಯೂ ಉಳಿಯಲಿಲ್ಲ. ಇನ್ನೊಂದು ಸುಳ್ಳು ಬರೆದುಕೊಡುವ ಬದಲು ತಮ್ಮ ಬದುಕನ್ನೇ ಅಳಿಸಿ ಕೊಟ್ಟಿದ್ದರು. ಅಳಿಸಿದ್ದನ್ನು ಸಾಯುವವರೆಗೆ ನನ್ನೆದುರಿಗೂ ಕಾಯ್ದುಕೊಂಡಿದ್ದರು.

ಆ ಹೆಸರು ಕಲ್ಲಿನ ಮೇಲೆ ಬರಬೇಕು ಎಂದೆ. ಕಾರ್ಯದರ್ಶಿ ನಕ್ಕ.

"ಮಾಸ್ತರ ಹೆಸರು ಎತ್ತಿದ್ರ ನಿಮ್ಮ ಅಜ್ಜಾರ ಫೈಲೂ ತಗೀಬೇಕಾಗತೈತಿ, ಡಾಕ್ಟರ್ ಬಾಯಾರ. ಅದರ ಬೆನ್ನ ಹಿಂದ ನಿಮ್ಮ ಸೀಟೂ ಬರತೈತಿ. ಯಾಕ ಬೇಕ್ರಿ ಇದು? ಕುಂದರ್ರಿ, ಚಾ ತಗೋರಿ."

ಕುಳಿತೆ. ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು, ಚೆನ್ನಾಗಿದೆ ಎಂದೂ ಅಂದೆ. ಅವನ ಅಪ್ಪನ ಸುಳ್ಳು ನನಗೆ ಗೊತ್ತು, ನನ್ನ ಅಜ್ಜನ ಸುಳ್ಳು ಅವನಿಗೆ ಗೊತ್ತು. ಮರುದಿನ ಇಬ್ಬರೂ ಒಂದೇ ವೇದಿಕೆಯ ಮೇಲೆ ಅಕ್ಕಪಕ್ಕ ಕುಳಿತು ತ್ಯಾಗ ಬಲಿದಾನದ ಭಾಷಣ ಕೇಳಿದೆವು.

ಇಂದು ಬೆಳಗ್ಗೆ ದವಾಖಾನೆಗೆ ಖಾನಾಪುರದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅಂಗನವಾಡಿಯಲ್ಲಿ ಕೆಲಸ, ನನಗಿಂತ ಬಹಳ ಚಿಕ್ಕವಳು. ಚೀಟಿ ಮಾಡಿಸಿ, ಸರದಿಯಲ್ಲಿ ಕಾದು ಒಳಗೆ ಬಂದಳು. ಕಾಯಿಲೆ ಏನೂ ಇರಲಿಲ್ಲ. ಮಾಸ್ತರ ಹತ್ತಿರ ಓದಿದ ಹುಡುಗಿಯರು ಇನ್ನೂ ಒಂದಷ್ಟು ಮಂದಿ ಇದ್ದಾರಂತೆ, ಒಬ್ಬಳು ನರ್ಸು, ಒಬ್ಬಳು ಟಪಾಲು ಕಚೇರಿಯಲ್ಲಿ. ಬೆಳಗಾವಿಯ ಕಲ್ಲಿನಲ್ಲಿ ಮಾಸ್ತರ ಹೆಸರು ಇಲ್ಲವೆಂದು ಕೇಳಿ ಅವರಿಗೆ ಸಂಕಟವಾಗಿದೆ. ಹಳೆಯ ಕಾರ್ಖಾನೆಯ ಮಣ್ಣು ತಂದು, ತಾವೇ ಒಂದು ದೊಡ್ಡ ಹೆಂಚು ಒತ್ತಿ, ಹಸಿಯಿರುವಾಗಲೇ ಅದರ ಮೇಲೆ ಅವರ ಹೆಸರು ಬರೆದು ಸುಡಬೇಕು, ಆ ಜಗಲಿ ಇದ್ದ ಜಾಗದಲ್ಲಿ ಇಡಬೇಕು ಎಂದುಕೊಂಡಿದ್ದಾರೆ. ಆದರೆ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರೂ ಮಾಸ್ತರ ಅಂತಲೇ ಕರೆದದ್ದು.

"ನಿಮ್ಮ ಮನಿತನಕ್ಕ ಭಾಳ ಬೇಕಾದವರಿದ್ರಂತ. ನಿಮಗಾದ್ರೂ ಗೊತ್ತಿರತೈತಿ ಅಂತ ಬಂದೆ ರೀ."

ಕಾರ್ಯದರ್ಶಿಯ ನಗು ಕಣ್ಣ ಮುಂದೆ ಬಂತು. ಹೆಂಚಿನ ಮೇಲೆ ಹೆಸರು ಬಂದರೆ ನಾಲ್ಕು ಮಂದಿ ಓದುತ್ತಾರೆ, ಯಾರು ಎಂದು ಕೇಳುತ್ತಾರೆ, ಆ ಹೆಸರಿನ ಸಹಿ ಎಲ್ಲಿದೆ ಎಂದು ಹುಡುಕುತ್ತಾರೆ. ಹೊರಗೆ ರೋಗಿಗಳು ಕಾಯುತ್ತಿದ್ದರು. ಗೋಡೆಯ ಮೇಲೆ ನನ್ನ ಪದವಿಯ ಪ್ರಮಾಣಪತ್ರ ಇತ್ತು.

"ಇಲ್ಲವ್ವ," ಅಂದೆ. "ನನಗೂ ಮರತೈತಿ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹೋಗಲಿ ಬಿಡಿ, ಮಾಸ್ತರ ಅಂತಲೇ ಬರೆಯುತ್ತೇವೆ ಎಂದು ನಮಸ್ಕಾರ ಮಾಡಿ ಎದ್ದಳು. ಬಾಗಿಲು ಮುಚ್ಚಿದ ಮೇಲೆ ಔಷಧದ ಚೀಟಿಯ ಮೇಲೆ ಅವರ ಹೆಸರು ಬರೆದೆ. ಅಪ್ಪನ ಹೆಸರು, ಊರ ಹೆಸರು ಸೇರಿಸಿ, ಅಜ್ಜನ ಕಾಗದದ ಮೇಲೆ ಅವರು ಬರೆದಿದ್ದ ಹಾಗೆಯೇ, ಒಂದಕ್ಷರ ತಪ್ಪದೆ. ಆಮೇಲೆ ಹರಿದು ಹಾಕಿ, ಮುಂದಿನವರನ್ನು ಕರೆದೆ.